ದ್ವೇಷದ ಘಟನೆಗಳ ಪಟ್ಟಿ ಇಡುವುದು ಹೇಗೆ? ಹನ್ನೊಂದು ವರ್ಷ ಪುಸ್ತಕ ಬರೆದವಳ ಅನುಭವ

ಮೊದಲು ಒಂದು ಉದ್ದನೆಯ ನೋಟ್‌ಬುಕ್ ತಗೊಳ್ಳಿ. ಗಟ್ಟಿ ರಟ್ಟಿನದು, ಹೊಲಿಗೆ ಹಾಕಿದ್ದು, ಪುಟಗಳಿಗೆ ಸಂಖ್ಯೆ ಅಚ್ಚಾಗಿರುವಂಥದ್ದು. ಸ್ಪೈರಲ್ ಬೇಡ. ಅದರಲ್ಲಿ ಒಂದು ಹಾಳೆ ಕಿತ್ತರೂ ಯಾರಿಗೂ ಗೊತ್ತಾಗುವುದಿಲ್ಲ. ಕಂಪ್ಯೂಟರಿಗೆ ಏರಿಸುವುದು ಆಮೇಲೆ ಮಾಡಿದರಾಯಿತು.

ನಾನು ಬಂಟ್ವಾಳ ತಾಲ್ಲೂಕಿನವಳು. ಇಪ್ಪತ್ತಾರು ವರ್ಷ ಬ್ಯಾಂಕಿನಲ್ಲಿ ಗುಮಾಸ್ತೆಯಾಗಿದ್ದು, ಸ್ವಯಂ ನಿವೃತ್ತಿ ತಗೊಂಡೆ. ಹನ್ನೊಂದು ವರ್ಷದಿಂದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಧರ್ಮ, ಜಾತಿ, ಭಾಷೆಯ ದ್ವೇಷದಿಂದ ನಡೆದ ಹಲ್ಲೆ, ಬೆದರಿಕೆ, ಬಹಿಷ್ಕಾರಗಳ ಪಟ್ಟಿ ಇಡುತ್ತಿದ್ದೇನೆ. ನಾವು ಒಟ್ಟು ಐದು ಜನ. ನನ್ನ ಜೊತೆ ಒಬ್ಬರು ನಿವೃತ್ತ ಮೇಷ್ಟ್ರು, ಒಬ್ಬರು ವಕೀಲೆ, ಒಬ್ಬರು ರಿಕ್ಷಾ ಓಡಿಸುವವರು, ಇನ್ನೊಬ್ಬರು ನರ್ಸ್. ಸಂಬಳ ಇಲ್ಲ, ಕಚೇರಿ ಇಲ್ಲ. ಶನಿವಾರ ಸಂಜೆ ಮೇಷ್ಟ್ರ ಮನೆ ಜಗಲಿಯಲ್ಲಿ ಸೇರುತ್ತೇವೆ. ಬೇರೆ ಜಿಲ್ಲೆಯ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡುತ್ತಾರೆ. "ನಮ್ಮಲ್ಲೂ ಇಂಥದ್ದು ಮಾಡಬೇಕು ಅಕ್ಕಾ, ಹೇಗೆ ಶುರು ಮಾಡೋದು?" ಅಂತ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ನಮ್ಮ ಕಡೆ ಈ ಕೆಲಸಕ್ಕೆ ದಾರಿ ತೋರಿಸಿದವರು ಸುರೇಶ್ ಭಟ್ ಬಾಕ್ರಬೈಲು. ಪತ್ರಿಕೆಗಳನ್ನು ಓದಿ, ಕತ್ತರಿಸಿ, ಕರಾವಳಿಯ ಕೋಮು ಘಟನೆಗಳನ್ನೂ ಅನೈತಿಕ ಪೊಲೀಸ್‌ಗಿರಿಯನ್ನೂ ವರ್ಷ ವರ್ಷ ಪಟ್ಟಿ ಮಾಡಿದವರು ಅವರು. ಒಬ್ಬ ಮನುಷ್ಯ ಹಠ ಹಿಡಿದು ಓದಿದರೆ ಒಂದು ಜಿಲ್ಲೆಯ ಲೆಕ್ಕ ಸಿಗುತ್ತದೆ ಅನ್ನುವುದು ನನಗೆ ಧೈರ್ಯ ಕೊಟ್ಟಿತು.

ಸರ್ಕಾರ ಲೆಕ್ಕ ಇಡಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಕೇಂದ್ರ ಸರ್ಕಾರದ ಅಪರಾಧ ದಾಖಲೆ ಸಂಸ್ಥೆ ಎನ್‌ಸಿಆರ್‌ಬಿ ಪ್ರತಿ ವರ್ಷದ ಅಪರಾಧ ವರದಿ ತರುತ್ತದೆ. 2017ರ ವರದಿಗಾಗಿ ಗುಂಪು ಹತ್ಯೆ, ದ್ವೇಷಾಪರಾಧಗಳ ಅಂಕಿ ಸಂಗ್ರಹಿಸಿದ್ದರು. ಆದರೆ ಅಂಕಿ ನಂಬುವಂತಿಲ್ಲ ಅಂತ ಪ್ರಕಟಿಸಲಿಲ್ಲ. ಅಮೆರಿಕದಲ್ಲಿ 1990ರಿಂದಲೂ ಇದಕ್ಕೇ ಅಂತ ಕಾನೂನು ಇದೆ. ಅಲ್ಲೂ ಲೆಕ್ಕ ಪೂರ್ತಿ ಸಿಗುವುದಿಲ್ಲ. 2015ರಲ್ಲಿ ಎಫ್‌ಬಿಐ ಲೆಕ್ಕಕ್ಕೆ ಬಂದದ್ದು 5,850 ಘಟನೆ. ಅಲ್ಲಿನ ನ್ಯಾಯ ಇಲಾಖೆ ಪೊಲೀಸರನ್ನು ಬಿಟ್ಟು ಜನರನ್ನೇ ಕೇಳಿ ಸಮೀಕ್ಷೆ ಮಾಡಿತು. 2004ರಿಂದ 2015ರವರೆಗೆ ವರ್ಷಕ್ಕೆ ಸರಾಸರಿ ಎರಡೂವರೆ ಲಕ್ಷ ಅಂತ ಬಂತು. ಅರ್ಧಕ್ಕಿಂತ ಜಾಸ್ತಿ ಜನ ಠಾಣೆಗೆ ಹೋಗಿಯೇ ಇರಲಿಲ್ಲ. ಈ ಎರಡು ಸಂಖ್ಯೆಗಳ ನಡುವೆ ಬಿಟ್ಟುಹೋದವರನ್ನು ಹುಡುಕುವುದೇ ನಮ್ಮಂಥ ಗುಂಪುಗಳ ಕೆಲಸ.

ಯಾವುದನ್ನು ಬರೆಯಬೇಕು

ಎರಡು ಪ್ರಶ್ನೆ ಕೇಳಿಕೊಳ್ಳಿ. ಇಲ್ಲಿ ಅಪರಾಧ ನಡೆದಿದೆಯಾ? ಆ ಮನುಷ್ಯನ ಧರ್ಮ, ಜಾತಿ, ಭಾಷೆ, ಊರು ಇವುಗಳಲ್ಲಿ ಯಾವುದೋ ಒಂದಕ್ಕಾಗಿ ಅವನನ್ನು ಆರಿಸಿದ್ದಾರಾ? ಎರಡಕ್ಕೂ ಹೌದು ಅಂತಾದರೆ ಮಾತ್ರ ದ್ವೇಷಾಪರಾಧ. ಯುರೋಪಿನ ಮಾನವ ಹಕ್ಕು ಸಂಸ್ಥೆಗಳೂ ಹೀಗೇ ಅಳೆಯುತ್ತವೆ. ಬೈಗುಳದ ಭಾಷಣ, ಅಂಗಡಿ ಬಹಿಷ್ಕಾರದ ಕರೆ, ವಾಟ್ಸಾಪ್ ಬೆದರಿಕೆಗಳಿಗೆ ಬೇರೆ ಬೇರೆ ಪುಟ ಇಡಿ. ಎಲ್ಲವನ್ನೂ ಒಂದೇ ರಾಶಿಗೆ ಹಾಕಿದರೆ ಸಂಖ್ಯೆ ದೊಡ್ಡದಾಗಿ ಕಾಣುತ್ತದೆ, ಆದರೆ ಯಾರೂ ನಂಬುವುದಿಲ್ಲ.

ಎರಡನೇ ಪ್ರಶ್ನೆ ಕಷ್ಟದ್ದು. ಶುರುವಿನ ವರ್ಷ ನಾನು ಒಂದು ಹೊಡೆದಾಟವನ್ನು ಕೋಮು ಘಟನೆ ಅಂತ ಬರೆದಿದ್ದೆ. ಹೊಡೆದವರ ಹೆಸರು ಒಂದು ಧರ್ಮದ್ದು, ಪೆಟ್ಟು ತಿಂದವರದು ಇನ್ನೊಂದು. ಅಷ್ಟೇ ನೋಡಿದ್ದೆ. ಆರು ವಾರ ಕಳೆದ ಮೇಲೆ ರಿಕ್ಷಾದವರು ಆ ಊರಿನ ಕಡೆ ಬಾಡಿಗೆಗೆ ಹೋದಾಗ ಗೊತ್ತಾಯಿತು. ಅದು ಅಡಿಕೆ ಮಾರಿದ ಹಣದ ತಕರಾರು. ಇಬ್ಬರೂ ಹತ್ತು ವರ್ಷ ಜೊತೆಗೆ ವ್ಯಾಪಾರ ಮಾಡಿದವರು. ಆ ಸಾಲಿನ ಮೇಲೆ ಒಂದು ಗೆರೆ ಎಳೆದೆ, ಪಕ್ಕದಲ್ಲಿ ಕಾರಣ ಬರೆದು, ತಾರೀಕು ಹಾಕಿ ಸಹಿ ಮಾಡಿದೆ. ಬ್ಯಾಂಕಿನ ಲೆಜರ್‌ನಲ್ಲಿ ಹೀಗೇ ಮಾಡುತ್ತಿದ್ದೆವು. ವೈಟ್ನರ್ ಹಚ್ಚುವಂತಿಲ್ಲ. ತಪ್ಪೂ ಕಾಣಬೇಕು, ತಿದ್ದಿದ್ದೂ ಕಾಣಬೇಕು. ಆದರೆ ಅಷ್ಟರಲ್ಲಿ ನಾವು ಆ ಅಂಕಿಯನ್ನು ಒಂದು ಸಭೆಯಲ್ಲಿ ಹೇಳಿ ಆಗಿತ್ತು. ಮುಂದಿನ ಸಭೆಯಲ್ಲಿ ಎದ್ದು ನಿಂತು, ಅದು ತಪ್ಪು ಅಂತ ಹೇಳಿದೆ. ನಿಮಗೂ ಒಂದು ದಿನ ಹೀಗಾಗುತ್ತದೆ. ಆಗ ತಡ ಮಾಡಬೇಡಿ.

ಹೆಸರು ನೋಡಿ ತೀರ್ಮಾನ ಮಾಡಬಾರದು ಅಂದ ಮೇಲೆ ಏನು ನೋಡಬೇಕು? ಹೊಡೆಯುವಾಗ ಆಡಿದ ಮಾತು. ಮೊದಲು ಹೆಸರು ಕೇಳಿದರಾ, ಗುರುತಿನ ಚೀಟಿ ತೋರಿಸು ಅಂದರಾ. ನಡೆದ ಜಾಗ, ದಿನ: ಹಬ್ಬದ ದಿನವಾ, ಪ್ರಾರ್ಥನೆಯ ಸ್ಥಳದ ಮುಂದೆಯಾ. ಅದೇ ವಾರ ಹತ್ತಿರದಲ್ಲಿ ಇಂಥದ್ದೇ ಬೇರೆ ಏನಾದರೂ ಆಗಿತ್ತಾ. ಇಬ್ಬರ ನಡುವೆ ಮೊದಲೇ ಜಗಳ, ಸಾಲ, ಜಾಗದ ತಕರಾರು ಇತ್ತಾ. ಈ ಕೊನೆಯದನ್ನು ಕೇಳದೆ ಬರೆಯಲೇಬೇಡಿ.

ಇಂಗ್ಲೆಂಡಿನಲ್ಲಿ ಸ್ಟೀಫನ್ ಲಾರೆನ್ಸ್ ಅನ್ನುವ ಕಪ್ಪು ಹುಡುಗನನ್ನು 1993ರಲ್ಲಿ ಕೊಂದರು. ಆ ತನಿಖೆಯ ಲೋಪಗಳನ್ನು ನೋಡಿದ ಮ್ಯಾಕ್‌ಫರ್ಸನ್ ವರದಿ 1999ರಲ್ಲಿ ಬಂತು. ಪೆಟ್ಟು ತಿಂದವನಿಗಾಗಲೀ ಬೇರೆ ಯಾರಿಗಾಗಲೀ ಇದು ಜನಾಂಗ ದ್ವೇಷ ಅನಿಸಿದರೆ, ಪೊಲೀಸರು ಹಾಗೇ ದಾಖಲಿಸಬೇಕು ಅಂತ ಅದು ಹೇಳಿತು. ನಾವು ಇದನ್ನು ಹೀಗೆ ಬಳಸುತ್ತೇವೆ: "ಅವರಿಗೆ ಅನಿಸಿದ್ದು" ಅಂತ ಒಂದು ಕಾಲಂ, "ನಮಗೆ ಸಿಕ್ಕ ಆಧಾರ" ಅಂತ ಇನ್ನೊಂದು. ಒಂದು ತುಂಬಿ ಇನ್ನೊಂದು ಖಾಲಿ ಇದ್ದರೂ ಸಾಲು ಉಳಿಯುತ್ತದೆ. ವರ್ಷದ ಲೆಕ್ಕಕ್ಕೆ ಮಾತ್ರ ಎರಡೂ ತುಂಬಿದ ಸಾಲುಗಳನ್ನು ತಗೊಳ್ಳುತ್ತೇವೆ.

ಇನ್ನು ವದಂತಿ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟವರನ್ನು ಮಕ್ಕಳ ಕಳ್ಳರು ಅಂದುಕೊಂಡು ಗುಂಪು ಹೊಡೆಯಿತು. ಹೈದರಾಬಾದಿನ ಒಬ್ಬ ಯುವಕ ಸತ್ತ. ಇಂಥದ್ದಕ್ಕೆ ನಾವು ಬೇರೆಯೇ ಪುಟ ಇಟ್ಟಿದ್ದೇವೆ. ವದಂತಿ ಎಲ್ಲಿ ಹುಟ್ಟಿತು, ಯಾವ ಭಾಷೆಯಲ್ಲಿ ಹರಿಯಿತು, ಅಪರಿಚಿತರು ಅನ್ನುವುದೊಂದೇ ಕಾರಣವಾ ಅಂತ ಬರೆದಿಡುತ್ತೇವೆ.

ಪತ್ರಿಕೆ ಓದುವ ಕ್ರಮ

ಒಂದೇ ಪತ್ರಿಕೆ ಸಾಲದು. ನಾನು ದಿನಾ ನಾಲ್ಕು ಕನ್ನಡ ಪತ್ರಿಕೆ ಓದುತ್ತೇನೆ. ಎರಡು ಮನೆಗೆ ಬರುತ್ತವೆ, ಎರಡನ್ನು ಪಂಚಾಯಿತಿ ಗ್ರಂಥಾಲಯದಲ್ಲಿ ನೋಡುತ್ತೇನೆ. ಬೇರೆ ಬೇರೆ ಒಲವಿನ ಪತ್ರಿಕೆಗಳನ್ನು ಬೇಕಂತಲೇ ಆರಿಸಿದ್ದೇನೆ. ಒಂದರಲ್ಲಿ ಮುಖಪುಟಕ್ಕೆ ಬಂದದ್ದು ಇನ್ನೊಂದರಲ್ಲಿ ಬಂದೇ ಇರುವುದಿಲ್ಲ. ಮುಖಪುಟಕ್ಕಿಂತ ಒಳಪುಟದ ತಾಲ್ಲೂಕು ಸುದ್ದಿಯನ್ನು ನಿಧಾನಕ್ಕೆ ಓದಿ. "ಭಿನ್ನ ಕೋಮಿನ ಜೋಡಿ", "ಕ್ಷುಲ್ಲಕ ಕಾರಣಕ್ಕೆ ಹಲ್ಲೆ", "ಸ್ಥಳದಲ್ಲಿ ಬಿಗುವಿನ ವಾತಾವರಣ", "ಎರಡು ತಂಡಗಳ ನಡುವೆ ಮಾತಿನ ಚಕಮಕಿ" – ಇಂಥ ಪದ ಕಂಡಲ್ಲಿ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಎಷ್ಟೋ ಸಲ ಕ್ಷುಲ್ಲಕ ಕಾರಣ ಅಂತ ಬರೆದದ್ದರ ಹಿಂದೆ ಕ್ಷುಲ್ಲಕವಲ್ಲದ ಸಂಗತಿ ಇರುತ್ತದೆ.

ಕತ್ತರಿಸಿದ ತುಣುಕಿನ ಹಿಂದೆ ಪತ್ರಿಕೆಯ ಹೆಸರು, ತಾರೀಕು, ಪುಟ ಆಗಲೇ ಬರೆಯಿರಿ. ನಾಳೆ ಬರೆಯೋಣ ಅಂತ ಬಿಟ್ಟ ತುಣುಕುಗಳು ನನ್ನ ಹತ್ತಿರ ಒಂದು ಡಬ್ಬಿ ತುಂಬ ಇವೆ. ಯಾವುದಕ್ಕೂ ಬರುವುದಿಲ್ಲ.

ಒಂದೇ ಘಟನೆ ಎರಡು ಸಲ ಲೆಕ್ಕಕ್ಕೆ ಸೇರುವುದು ದೊಡ್ಡ ತೊಂದರೆ. ಒಂದು ಪತ್ರಿಕೆ ಘಟನೆ ನಡೆದ ಊರಿನ ಹೆಸರು ಹಾಕುತ್ತದೆ, ಇನ್ನೊಂದು ಠಾಣೆಯ ಹೆಸರು ಹಾಕುತ್ತದೆ. ಒಂದರಲ್ಲಿ ನಡೆದ ದಿನ, ಇನ್ನೊಂದರಲ್ಲಿ ದೂರು ಕೊಟ್ಟ ದಿನ. ಹಾಗಾಗಿ ನಾವು ಪ್ರತಿ ಸಾಲಿಗೂ ಠಾಣೆಯ ಹೆಸರು, ನಡೆದ ದಿನ ಎರಡನ್ನೂ ಬರೆದು, ಶನಿವಾರ ಕೂತು ತಾಳೆ ನೋಡುತ್ತೇವೆ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ತೊಡಕು ಇದೆ. ಮಂಗಳೂರು ನಗರ ಮತ್ತು ಸುತ್ತಲಿನ ಠಾಣೆಗಳು ಪೊಲೀಸ್ ಕಮಿಷನರ್ ಕೆಳಗೆ, ಉಳಿದವು ಎಸ್‌ಪಿ ಕೆಳಗೆ. ಮಂಗಳೂರಿನ ಹೊರವಲಯದ ಕುಡುಪು ಕಮಿಷನರ್ ವ್ಯಾಪ್ತಿ, ಸುಳ್ಯ ತಾಲ್ಲೂಕಿನ ಬೆಳ್ಳಾರೆ ಎಸ್‌ಪಿ ವ್ಯಾಪ್ತಿ. ಜಿಲ್ಲೆಯ ಅಂಕಿ ಅಂತ ಒಂದೇ ಕಡೆಯಿಂದ ತಂದರೆ ಅರ್ಧ ಜಿಲ್ಲೆ ಬಿಟ್ಟುಹೋಗುತ್ತದೆ. ಹುಬ್ಬಳ್ಳಿ, ಮೈಸೂರು, ಬೆಳಗಾವಿ, ಕಲಬುರಗಿಯಲ್ಲೂ ಕಮಿಷನರೇಟ್ ಇದೆ. ಅಲ್ಲಿಯವರು ಇದನ್ನು ಗಮನಿಸಿ.

ಮನೆಗೆ ಹೋಗುವುದು

ಇದು ಎಲ್ಲಕ್ಕಿಂತ ನಿಧಾನದ ಕೆಲಸ. ಒಂದು ಉದಾಹರಣೆ ಹೇಳುತ್ತೇನೆ.

ಮೂರು ವರ್ಷದ ಹಿಂದೆ ಮಳೆಗಾಲದಲ್ಲಿ ಪತ್ರಿಕೆಯಲ್ಲಿ ನಾಲ್ಕು ಸಾಲು ಬಂದಿತ್ತು. ಯುವಕನಿಗೆ ತಂಡದಿಂದ ಹಲ್ಲೆ ಅಂತ. ಹುಡುಗನಿಗೆ ಹತ್ತೊಂಬತ್ತು, ಮೊಬೈಲ್ ಅಂಗಡಿಯಲ್ಲಿ ಕೆಲಸ. ಮಳೆ ಜೋರಾಗಿದ್ದರಿಂದ ಜೊತೆಗೆ ಕೆಲಸ ಮಾಡುವ ಹುಡುಗಿಯನ್ನು ಬೈಕಿನಲ್ಲಿ ಬಸ್ ಸ್ಟ್ಯಾಂಡಿಗೆ ಬಿಡಲು ಹೊರಟಿದ್ದ. ದಾರಿಯಲ್ಲಿ ಅಡ್ಡ ಹಾಕಿ ಹೆಸರು ಕೇಳಿದರು. ಹುಡುಗ ಯಾವ ಧರ್ಮದವನು ಅಂತ ಇಲ್ಲಿ ಬರೆಯುವುದಿಲ್ಲ. ಎರಡೂ ಕಡೆಯ ಮಕ್ಕಳಿಗೆ ಹೀಗಾದದ್ದು ನಮ್ಮ ಪುಸ್ತಕದಲ್ಲಿ ಇದೆ.

ನಾನು ಮತ್ತು ನರ್ಸ್ ಮೂರನೇ ದಿನ ಹೋದೆವು. ಇಬ್ಬರೇ ಹೋಗಬೇಕು, ಒಬ್ಬರಾದರೂ ಹೆಂಗಸಿರಬೇಕು. ಐದು ಜನ ಒಟ್ಟಿಗೆ ಹೋದರೆ ನೆರೆಹೊರೆ ಸೇರುತ್ತದೆ. ತಾಯಿ ಕಣ್ಣಚಾಯ ಕೊಟ್ಟರು. ಕುಡಿಯುತ್ತಾ ಕೂತಾಗ ಜಗಲಿಯ ಹಗ್ಗದಲ್ಲಿ ಒಂದು ನೀಲಿ ಚೌಕುಳಿ ಅಂಗಿ ನೇತಾಡುತ್ತಿತ್ತು. ಕಾಲರ್ ಹರಿದಲ್ಲಿ ಕೈಹೊಲಿಗೆ ಹಾಕಿದ್ದರು. ಎರಡು ಗುಂಡಿ ಹೋದ ಕಡೆ ಬೇರೆ ಅಂಗಿಯ ಬಿಳಿ ಗುಂಡಿ ಹಚ್ಚಿದ್ದರು. ಅದೇ ಅಂಗಿ. ತೊಳೆದು, ಹೊಲಿದು, ಒಣಗಲು ಹಾಕಿದ್ದರು.

"ರಕ್ತ ಇತ್ತಲ್ಲಾ ಅಕ್ಕಾ, ಹಾಗೇ ಹೇಗೆ ಇಡುದು?" ಅಂದರು.

ಅವರಿಗೆ ನಾನು ಏನು ಹೇಳಲಿ? ಮಗನ ಅಂಗಿಯ ರಕ್ತ ತೊಳೆಯದೆ ಇಡಿ ಅಂತ ಯಾವ ತಾಯಿಗೂ ಮೊದಲೇ ಯಾರೂ ಹೇಳಿರುವುದಿಲ್ಲ. ಅದಕ್ಕೇ ಈಗ ನಾವು ಯಾವ ಊರಿಗೆ ಮಾತಾಡಲು ಹೋದರೂ ಮೊದಲು ಇದನ್ನು ಹೇಳುತ್ತೇವೆ. ಬಟ್ಟೆ ತೊಳೆಯಬೇಡಿ. ಒದ್ದೆ ಇದ್ದರೆ ನೆರಳಲ್ಲಿ ಆರಿಸಿ, ಕಾಗದದ ಚೀಲದಲ್ಲಿ ಇಡಿ. ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟರೆ, ಅದೂ ನಮ್ಮ ಮಳೆಗಾಲದಲ್ಲಿ, ಬೂಸ್ಟು ಹಿಡಿಯುತ್ತದೆ. ಚೀಲದ ಮೇಲೆ ತಾರೀಕು, ಸಮಯ, ಯಾರು ಇಟ್ಟರು ಅಂತ ಬರೆದು, ಪೊಲೀಸರು ಕೇಳಿದಾಗ ಮಹಜರಿನಲ್ಲಿ ಸೇರಿಸಿ ಕೊಡಿ.

ಅಂಗಿಗಿಂತ ದೊಡ್ಡ ಪೆಟ್ಟು ಬೇರೆ ಇತ್ತು. ನರ್ಸ್ ಆಸ್ಪತ್ರೆಯ ಚೀಟಿ ಕೇಳಿದರು. ಅದರಲ್ಲಿ "ಬೈಕಿನಿಂದ ಬಿದ್ದು ಗಾಯ" ಅಂತ ಇತ್ತು. ಹುಡುಗ ಹೆದರಿ ಡಾಕ್ಟರ ಹತ್ತಿರ ಹಾಗೆ ಹೇಳಿದ್ದ. ಮುಂದೆ ನ್ಯಾಯಾಲಯದಲ್ಲಿ ಎದುರಿನ ವಕೀಲರು ಎತ್ತುವ ಮೊದಲ ಕಾಗದ ಇದೇ. ಯಾರಾದರೂ ಹೊಡೆದರೆ ಡಾಕ್ಟರಿಗೆ ಹೊಡೆದರು ಅಂತಲೇ ಹೇಳಬೇಕು, ಎಷ್ಟು ಜನ, ಯಾವುದರಿಂದ ಹೊಡೆದರು ಅಂತ ಹೇಳಬೇಕು. ಆಗ ಅದು ಎಂಎಲ್‌ಸಿ, ಅಂದರೆ ವೈದ್ಯಕೀಯ-ಕಾನೂನು ಪ್ರಕರಣ ಆಗುತ್ತದೆ, ಆಸ್ಪತ್ರೆಯಿಂದಲೇ ಠಾಣೆಗೆ ತಿಳಿಸುತ್ತಾರೆ. ಗಾಯದ ಪ್ರಮಾಣಪತ್ರಕ್ಕೂ ಅದೇ ಆಧಾರ. ಗಾಯದ ಫೋಟೋವನ್ನು ಅವತ್ತು ಒಂದು, ಎರಡು ದಿನ ಬಿಟ್ಟು ಒಂದು ತೆಗೆಯಿರಿ. ಬಾಸುಂಡೆಯ ಬಣ್ಣ ಆಮೇಲೆ ಏಳುತ್ತದೆ. ಪಕ್ಕದಲ್ಲಿ ಒಂದು ನಾಣ್ಯವೋ ಸ್ಕೇಲೋ ಇಟ್ಟರೆ ಗಾಯದ ಅಳತೆ ಗೊತ್ತಾಗುತ್ತದೆ.

ಕೇಳುವ ರೀತಿಯೂ ಕಲಿಯಬೇಕು. ಪುಸ್ತಕ ತೆರೆದು ಪೆನ್ನು ಹಿಡಿದು ಎದುರು ಕೂರಬೇಡಿ. ಅವರು ಒಂದು ಸಲ ಪೂರ್ತಿ ಹೇಳಲಿ, ಮಧ್ಯೆ ಬಾಯಿ ಹಾಕಬೇಡಿ. ಎರಡನೇ ಸಲ ಕೇಳುವಾಗ ಬರೆಯಿರಿ. ಬೈದ ಮಾತನ್ನು ಹಾಗೇ, ಆಡಿದ ಭಾಷೆಯಲ್ಲೇ ಬರೆಯಿರಿ. ತುಳುವಿನಲ್ಲಿ ಬೈದಿದ್ದರೆ ತುಳುವಿನಲ್ಲೇ. "ಅವಾಚ್ಯ ಶಬ್ದಗಳಿಂದ ನಿಂದಿಸಿ" ಅಂತ ಬರೆದರೆ ದ್ವೇಷಕ್ಕೆ ಇರುವ ಒಂದೇ ಸಾಕ್ಷಿ ಅಲ್ಲೇ ಅಳಿಸಿಹೋಗುತ್ತದೆ. ನಿಮ್ಮ ಊಹೆಯ ಮಾತನ್ನು ಅವರ ಬಾಯಿಗೆ ಹಾಕಬೇಡಿ. "ಅವರು ಇಂಥ ಸಂಘಟನೆಯವರೇ ಅಲ್ವಾ?" ಅಂತ ಕೇಳಬಾರದು. "ಅವರನ್ನು ಮೊದಲು ಎಲ್ಲಾದರೂ ನೋಡಿದ್ದೀಯಾ ಮಗಾ?" ಅಂತ ಕೇಳಬಹುದು.

ಆ ಹುಡುಗಿಯ ಮನೆಗೆ ನಾವು ಹೋಗಲಿಲ್ಲ. ಹೋಗಿದ್ದರೆ ಸಾಕ್ಷಿ ಸಿಗುತ್ತಿತ್ತೇನೋ. ಆದರೆ ಅವಳ ಮನೆಯಲ್ಲಿ ವಿಷಯ ಗೊತ್ತಿದೆಯೋ ಇಲ್ಲವೋ ನಮಗೆ ಗೊತ್ತಿರಲಿಲ್ಲ. ನಾವು ಬಾಗಿಲು ತಟ್ಟಿದ್ದರೆ ಅವಳ ಕೆಲಸ ಬಿಡಿಸುತ್ತಿದ್ದರು. ಪುಸ್ತಕದಲ್ಲಿ "ಸಹೋದ್ಯೋಗಿ" ಅಂತ ಒಂದೇ ಪದ ಇದೆ. ಇಂಥ ಕಡೆ ನಾನು ಯಾವಾಗಲೂ ಬದುಕಿರುವ ಮನುಷ್ಯರ ಪರ. ಪಟ್ಟಿಯಲ್ಲಿ ಒಂದು ಸಾಲು ಕಡಿಮೆಯಾದರೂ ಅಡ್ಡಿಯಿಲ್ಲ.

ಹೊರಡುವ ಮುಂಚೆ ಒಪ್ಪಿಗೆ ಕೇಳಿ, ಅದೂ ಮೂರು ಭಾಗವಾಗಿ. ಬರೆದುಕೊಳ್ಳಬಹುದಾ? ಹೆಸರಿಲ್ಲದೆ ಲೆಕ್ಕಕ್ಕೆ ಸೇರಿಸಬಹುದಾ? ಹೆಸರು ಹಾಕಿ ಬೇರೆಯವರಿಗೆ ಕೊಡಬಹುದಾ? ಮೊದಲ ಎರಡಕ್ಕೆ ಹೂಂ ಅಂದು ಮೂರನೆಯದಕ್ಕೆ ಬೇಡ ಅನ್ನುವವರೇ ಜಾಸ್ತಿ. ಆಮೇಲೆ ಮನಸ್ಸು ಬದಲಾದರೆ ಫೋನ್ ಮಾಡಿ ಅಂತ ನಂಬರ್ ಕೊಡಿ. ಮಗಳ ಮದುವೆ ಮಾತುಕತೆ ನಡೀತಿದೆ, ಹೆಸರು ತೆಗೀರಿ ಅಂತ ಒಬ್ಬರು ಎರಡು ವರ್ಷದ ಮೇಲೆ ಫೋನ್ ಮಾಡಿದ್ದರು. ಅವತ್ತೇ ತೆಗೆದೆವು. ಲೈಂಗಿಕ ದೌರ್ಜನ್ಯ ಇದ್ದರೆ ಹೆಸರು ಹೊರಗೆ ಬರುವುದೇ ಕಾನೂನಿಗೆ ವಿರುದ್ಧ. ಅಲ್ಲಿ ಊರಿನ ಹೆಸರನ್ನೂ ಬರೆಯುವ ಮುಂಚೆ ಯೋಚಿಸಿ.

ಠಾಣೆಯ ಕಾಗದ

ನಮ್ಮ ಕೆಲಸ ತನಿಖೆ ಅಲ್ಲ. ಆದರೆ ಠಾಣೆಯಿಂದ ಯಾವ ಕಾಗದ ಬರಬೇಕು ಅನ್ನುವುದು ಗೊತ್ತಿರಬೇಕು.

ಗಂಭೀರ ಅಪರಾಧದ ದೂರು ಬಂದರೆ ಎಫ್‌ಐಆರ್ ಹಾಕಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರ ಲಲಿತಾ ಕುಮಾರಿ ತೀರ್ಪಿನಲ್ಲಿ ಹೇಳಿದೆ. 2024ರ ಜುಲೈ 1ರಿಂದ ಹೊಸ ಕಾನೂನು ಬಂದ ಮೇಲೆ ಒಂದು ಬದಲಾವಣೆ ಆಗಿದೆ. ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಲು ಪೊಲೀಸರಿಗೆ ಅವಕಾಶ ಇದೆ. ಹಾಗಾಗಿ ದೂರು ಕೊಟ್ಟ ದಿನದಿಂದ ಎಣಿಸಿ, ಹದಿನೈದನೇ ದಿನ ಹೋಗಿ ಕೇಳಿ. ನಡೆದದ್ದು ಬೇರೆ ಠಾಣೆಯ ವ್ಯಾಪ್ತಿಯಲ್ಲಾದರೂ ಝೀರೋ ಎಫ್‌ಐಆರ್ ಹಾಕಬೇಕು. ಪ್ರತಿಯನ್ನು ಪುಕ್ಕಟೆ ಕೊಡಬೇಕು. ಠಾಣೆಯಲ್ಲಿ ತಗೊಳ್ಳದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಬಹುದು. ಎಫ್‌ಐಆರ್ ಬದಲು ಹಿಂಬರಹ (ದೂರಿಗೆ ಠಾಣೆ ಕೊಡುವ ಲಿಖಿತ ಉತ್ತರ) ಕೊಟ್ಟು ಕಳಿಸಿದರೆ ಅದನ್ನು ಬಿಸಾಡಬೇಡಿ. ದೂರು ಕೊಟ್ಟಿದ್ದರು ಅನ್ನುವುದಕ್ಕೆ ಅದೇ ದಾಖಲೆ.

ಕಲಂ ಯಾವುದು ಅಂತ ನೋಡಿ. ಗುಂಪುಗಳ ನಡುವೆ ದ್ವೇಷ ಬಿತ್ತುವುದಕ್ಕೆ ಮೊದಲು ಐಪಿಸಿಯ 153ಎ ಇತ್ತು, ಈಗ ಅದರ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) 196. ಧಾರ್ಮಿಕ ಭಾವನೆ ಕೆರಳಿಸುವುದಕ್ಕೆ 295ಎ ಇದ್ದದ್ದು ಈಗ 299. ಐದು ಅಥವಾ ಹೆಚ್ಚು ಜನ ಸೇರಿ ಜಾತಿ, ಸಮುದಾಯ, ಭಾಷೆ, ಹುಟ್ಟಿದ ಜಾಗ, ನಂಬಿಕೆಯಂಥ ಕಾರಣಕ್ಕೆ ಕೊಂದರೆ 103(2). ದಲಿತರ ಮೇಲಿನ ದೌರ್ಜನ್ಯಕ್ಕೆ 1989ರ ಕಾಯ್ದೆಯೇ ಇದೆ, 14566 ಅನ್ನುವ ಸಹಾಯವಾಣಿಯೂ ಇದೆ. ಹಳೆಯ ಸಾಲುಗಳಲ್ಲಿ ಹಳೆಯ ಕಲಂ ಹಾಗೇ ಇರಲಿ, ಪಕ್ಕದಲ್ಲಿ ಹೊಸದನ್ನು ಬರೆಯಿರಿ.

ಮೊದಲು ಹಾಕಿದ ಕಲಂ, ಆಮೇಲೆ ಬದಲಾದ ಕಲಂ – ಇವೆರಡಕ್ಕೂ ಬೇರೆ ಕಾಲಂ ಬೇಕು. ಕಾರಣ ಕುಡುಪು. 2025ರ ಏಪ್ರಿಲ್ 27ರಂದು ಅಲ್ಲಿ ಕ್ರಿಕೆಟ್ ಪಂದ್ಯ ನಡೆಯುತ್ತಿದ್ದ ಜಾಗದ ಹತ್ತಿರ ಕೇರಳ ಮೂಲದ ಒಬ್ಬರು ಸತ್ತುಬಿದ್ದಿದ್ದರು. ಮೊದಲು ದಾಖಲಾದದ್ದು ಅಸ್ವಾಭಾವಿಕ ಸಾವು ಅಂತ. ಮರಣೋತ್ತರ ಪರೀಕ್ಷೆಯಲ್ಲಿ ಪೆಟ್ಟುಗಳು ಕಂಡ ಮೇಲೆ ಅದು ಗುಂಪು ಹತ್ಯೆಯ ಪ್ರಕರಣವಾಯಿತು, ಹಲವರ ಬಂಧನವಾಯಿತು. ಆಮೇಲೆ ಕರ್ತವ್ಯಲೋಪದ ಮೇಲೆ ಪೊಲೀಸರೂ ಅಮಾನತಾದರು. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಮತ್ತು ಇತರ ಸಂಘಟನೆಗಳು ಸತ್ಯಶೋಧನೆ ಮಾಡಿ ವರದಿ ತಂದವು. ಮೊದಲ ದಿನದ ಕಾಗದ ಮಾತ್ರ ನೋಡಿದ್ದರೆ ನಮ್ಮ ಪುಸ್ತಕದಲ್ಲಿ ಆ ಸಾಲೇ ಇರುತ್ತಿರಲಿಲ್ಲ. ಅವತ್ತಿನಿಂದ ನಾನು ಪತ್ರಿಕೆಯ "ಅಪರಿಚಿತ ಶವ ಪತ್ತೆ" ಸುದ್ದಿಯನ್ನೂ ಓದುತ್ತೇನೆ.

ವರ್ಷಕ್ಕೊಮ್ಮೆ ಆರ್‌ಟಿಐ ಹಾಕಿ. ಹತ್ತು ರೂಪಾಯಿ ಶುಲ್ಕ, 30 ದಿನ ಗಡುವು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ಪ್ರಕರಣದ ವಿವರ ಕೇಳಿದರೆ ತನಿಖೆ ನಡೀತಿದೆ ಅಂತ ನಿರಾಕರಿಸುತ್ತಾರೆ. ಬರೀ ಸಂಖ್ಯೆ ಕೇಳಿ: ಇಂಥ ಠಾಣೆಯಲ್ಲಿ, ಇಂಥ ವರ್ಷ, 196ನೇ ಕಲಂ ಅಡಿ ಎಷ್ಟು ಎಫ್‌ಐಆರ್, ಎಷ್ಟಕ್ಕೆ ದೋಷಾರೋಪ ಪಟ್ಟಿ, ಎಷ್ಟಕ್ಕೆ ಶಿಕ್ಷೆ. ಗುಂಪು ಹತ್ಯೆ ತಡೆಯಲು ಪ್ರತಿ ಜಿಲ್ಲೆಗೂ ಒಬ್ಬ ನೋಡಲ್ ಅಧಿಕಾರಿ ಇರಬೇಕು ಅಂತ ಸುಪ್ರೀಂ ಕೋರ್ಟ್ 2018ರ ಜುಲೈ 17ರ ತೀರ್ಪಿನಲ್ಲಿ ಹೇಳಿದೆ. ನಿಮ್ಮ ಜಿಲ್ಲೆಯಲ್ಲಿ ಯಾರು ಅಂತಲೂ ಒಂದು ಅರ್ಜಿ ಹಾಕಿ.

ವಿಡಿಯೊ ಬಂದರೆ

ವಾಟ್ಸಾಪ್‌ನಲ್ಲಿ ಬಂದ ವಿಡಿಯೊ ಹತ್ತನೇ ಕೈ ದಾಟಿ ಬಂದಿರುತ್ತದೆ. ತೆಗೆದ ಫೋನ್ ಯಾವುದು ಅಂತ ಹುಡುಕಿ. ಆ ಫೋನಿನಲ್ಲಿರುವ ಮೂಲ ಫೈಲ್ ಅಳಿಸಬೇಡಿ ಅಂತ ಅವರಿಗೆ ಹೇಳಿ. ನ್ಯಾಯಾಲಯಕ್ಕೆ ಕೊಡುವಾಗ ಹೊಸ ಸಾಕ್ಷ್ಯ ಕಾಯ್ದೆಯ 63ನೇ ಕಲಂ ಪ್ರಮಾಣಪತ್ರ ಬೇಕು. ಮೊದಲು ಇದಕ್ಕೆ 65ಬಿ ಅನ್ನುತ್ತಿದ್ದರು. ಈಗಿನ ನಮೂನೆಯಲ್ಲಿ ಫೈಲಿನ ಹ್ಯಾಶ್ ಸಂಖ್ಯೆಯನ್ನೂ ಬರೆಯಬೇಕು. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು ಇದ್ದ ಹಾಗೆ, ಒಳಗೆ ಒಂದು ಚೂರು ಬದಲಾದರೂ ಸಂಖ್ಯೆ ಬದಲಾಗುತ್ತದೆ. ಫೈಲ್ ಕೈಗೆ ಬಂದ ದಿನವೇ ಅದನ್ನು ತೆಗೆದು ಪುಸ್ತಕದಲ್ಲಿ ಬರೆದಿಡಿ. ಮತ್ತೆ, ಆ ವಿಡಿಯೊವನ್ನು ನೀವು ಯಾರಿಗೂ ಫಾರ್ವರ್ಡ್ ಮಾಡಬೇಡಿ. ಪೆಟ್ಟು ತಿನ್ನುವ ಮಗುವನ್ನು ಊರೆಲ್ಲ ನೋಡುವುದರಿಂದ ಅವನಿಗೆ ಎರಡನೇ ಸಲ ಪೆಟ್ಟು ಬೀಳುತ್ತದೆ.

2009ರ ಜನವರಿ 24ರ ಮಂಗಳೂರು ಪಬ್ ದಾಳಿಯನ್ನು ದೇಶವೇ ಟಿವಿಯಲ್ಲಿ ನೋಡಿತು. 2018ರ ಮಾರ್ಚ್‌ನಲ್ಲಿ ಸಾಕ್ಷ್ಯ ಸಾಲದು ಅಂತ ಆರೋಪಿಗಳೆಲ್ಲ ಖುಲಾಸೆಯಾದರು. ಟಿವಿಯಲ್ಲಿ ಬಂತು ಅನ್ನುವುದಕ್ಕೂ ನ್ಯಾಯಾಲಯದಲ್ಲಿ ನಿಲ್ಲುವುದಕ್ಕೂ ಎಷ್ಟು ದೂರ ಅಂತ ನನಗೆ ಅವತ್ತು ಅರ್ಥವಾಯಿತು.

ಸಂಘಟನೆಗಳ ಹೆಸರು ಬರೆಯುವಾಗ

ಅಮೆರಿಕದ ಅಲಬಾಮಾದಲ್ಲಿ ಸದರ್ನ್ ಪಾವರ್ಟಿ ಲಾ ಸೆಂಟರ್ ಅಂತ ಒಂದು ಸಂಸ್ಥೆ ಇದೆ. 1971ರಲ್ಲಿ ಶುರುವಾಯಿತು. 1981ರಿಂದ, ಕಪ್ಪು ಜನರನ್ನು ದ್ವೇಷಿಸುವ ಬಿಳಿಯರ ಗುಂಪು ಕು ಕ್ಲಕ್ಸ್ ಕ್ಲಾನ್ ಮೇಲೆ ಕಣ್ಣಿಡಲು ಒಂದು ವಿಭಾಗ ಮಾಡಿ, ಆಮೇಲೆ ದ್ವೇಷದ ಗುಂಪುಗಳ ನಕ್ಷೆಯನ್ನೇ ತಂದರು. 1987ರಲ್ಲಿ, ಮಗನನ್ನು ಕಳೆದುಕೊಂಡ ಒಬ್ಬ ತಾಯಿಯ ಪರ ನಿಂತು ಕ್ಲಾನ್ ಗುಂಪಿನ ಮೇಲೆ 70 ಲಕ್ಷ ಡಾಲರ್ ತೀರ್ಪು ಬರುವ ಹಾಗೆ ಮಾಡಿದರು. ಆ ಗುಂಪಿನ ಕಟ್ಟಡವೇ ಆ ತಾಯಿಗೆ ಬಂತು. ಇದೇ ಸಂಸ್ಥೆ ಮುಂದೆ, ಉಗ್ರವಾದದ ವಿರುದ್ಧವೇ ಮಾತಾಡುತ್ತಿದ್ದ ಬ್ರಿಟನ್ನಿನ ಮಾಜಿದ್ ನವಾಜ್ ಅವರನ್ನು ಮುಸ್ಲಿಂ ವಿರೋಧಿ ಉಗ್ರರ ಪಟ್ಟಿಗೆ ಸೇರಿಸಿತು. 2018ರಲ್ಲಿ ಕ್ಷಮೆ ಕೇಳಿ ಸುಮಾರು 34 ಲಕ್ಷ ಡಾಲರ್ ಕೊಡಬೇಕಾಯಿತು. ಅಷ್ಟು ವಕೀಲರಿರುವ ಸಂಸ್ಥೆಗೇ ಹೀಗಾಯಿತು ಅಂದಮೇಲೆ ನಾವು ಎಷ್ಟು ಎಚ್ಚರ ಇರಬೇಕು ಅಲ್ವಾ.

ನಮ್ಮ ನಿಯಮ ಸರಳ. ಸಂಘಟನೆಯ ಹೆಸರು ಎಫ್‌ಐಆರ್‌ನಲ್ಲಿ, ದೋಷಾರೋಪ ಪಟ್ಟಿಯಲ್ಲಿ ಇದ್ದರೆ ಅಥವಾ ಅವರೇ ಹೊಣೆ ಹೊತ್ತು ಹೇಳಿಕೆ ಕೊಟ್ಟಿದ್ದರೆ ಮಾತ್ರ ಬರೆಯುತ್ತೇವೆ. ಉಳಿದ ಕಡೆ "ತಂಡ" ಅಷ್ಟೇ. ಶಿಕ್ಷೆ ಆಗುವವರೆಗೆ "ಆರೋಪಿ".

ಎಲ್ಲರ ನೋವನ್ನೂ ಬರೆಯಿರಿ. 2022ರ ಜುಲೈನಲ್ಲಿ ಹತ್ತು ದಿನದೊಳಗೆ ನಮ್ಮ ಜಿಲ್ಲೆಯಲ್ಲಿ ಮೂವರು ಯುವಕರ ಮೇಲೆ ದಾಳಿಯಾಗಿ ಮೂವರೂ ಸತ್ತರು. ಬೆಳ್ಳಾರೆ ಕಡೆಯ ಇಬ್ಬರು, ಸುರತ್ಕಲ್‌ನಲ್ಲಿ ಒಬ್ಬರು. ಇಬ್ಬರು ಮುಸ್ಲಿಮರು, ಒಬ್ಬರು ಹಿಂದೂ. ಮೂರೂ ಸಾಲು ನನ್ನ ಪುಸ್ತಕದ ಒಂದೇ ಪುಟದಲ್ಲಿವೆ. ಅವತ್ತು ಒಬ್ಬರು ಬಂದು "ಅವರದನ್ನು ಯಾಕೆ ಬರೀತೀರಿ?" ಅಂದರು. ಮರುದಿನ ಇನ್ನೊಂದು ಕಡೆಯವರೂ ಬಂದು ಅದೇ ಮಾತು ಕೇಳಿದರು. ಇಬ್ಬರಿಗೂ ಪುಟ ತೆರೆದು ತೋರಿಸಿದೆ.

ಪುಸ್ತಕ ಎಲ್ಲಿಡುವುದು, ಯಾರಿಗೆ ಕೊಡುವುದು

ಇಂಡಿಯಾಸ್ಪೆಂಡ್ ಅನ್ನುವ ಸುದ್ದಿ ತಾಣದವರು 2018ರಲ್ಲಿ ದೇಶದ ದ್ವೇಷಾಪರಾಧಗಳ ಒಂದು ಪಟ್ಟಿಯನ್ನು ಅಂತರ್ಜಾಲದಲ್ಲಿ ಹಾಕಿದ್ದರು. 2019ರಲ್ಲಿ ಅದು ಕಾಣದಾಯಿತು. ಹಾಗಾಗಿ ಮೂರು ಪ್ರತಿ ಇಡಿ. ಪುಸ್ತಕ ನನ್ನ ಮನೆಯಲ್ಲಿ, ಸ್ಕ್ಯಾನ್ ಮಾಡಿದ್ದು ವಕೀಲೆಯ ಹತ್ತಿರ ಪಾಸ್‌ವರ್ಡ್ ಹಾಕಿದ ಡ್ರೈವ್‌ನಲ್ಲಿ, ಹೆಸರಿಲ್ಲದ ಅಂಕಿಗಳು ಮೇಷ್ಟ್ರ ಹತ್ತಿರ. ಹೆಸರುಗಳಿಗೆ ಸಂಕೇತ ಸಂಖ್ಯೆ ಕೊಟ್ಟು, ಯಾವ ಸಂಖ್ಯೆ ಯಾರು ಅನ್ನುವುದನ್ನು ಬೇರೆ ಚಿಕ್ಕ ಪುಸ್ತಕದಲ್ಲಿ ಬರೆದಿದ್ದೇವೆ. ಎರಡೂ ಪುಸ್ತಕ ಒಂದೇ ಮನೆಯಲ್ಲಿ ಇರುವುದಿಲ್ಲ.

ವರ್ಷದ ಕೊನೆಯಲ್ಲಿ ಎರಡು ಪುಟದ ಲೆಕ್ಕ ಮಾಡಿ. ಹೇಗೆ ಎಣಿಸಿದಿರಿ ಅನ್ನುವುದನ್ನು ಮೇಲೆಯೇ ಬರೆಯಿರಿ. ವಾಷಿಂಗ್ಟನ್ನಿನ ಇಂಡಿಯಾ ಹೇಟ್ ಲ್ಯಾಬ್ 2023ರಲ್ಲಿ 668, 2024ರಲ್ಲಿ 1,165 ದ್ವೇಷ ಭಾಷಣದ ಸಭೆಗಳನ್ನು ದಾಖಲಿಸಿತು. ಅದು ಸಭೆಗಳ ಲೆಕ್ಕ, ಹಲ್ಲೆಗಳದ್ದಲ್ಲ. ಇಂಥದ್ದನ್ನು ನಿಮ್ಮ ಅಂಕಿಯ ಜೊತೆ ಸೇರಿಸಿ ಕೂಡಬೇಡಿ. ನಮ್ಮ ಎರಡು ಪುಟವನ್ನು ಎಸ್‌ಪಿ, ಕಮಿಷನರ್, ಜಿಲ್ಲಾಧಿಕಾರಿ, ಪಿಯುಸಿಎಲ್, ಪತ್ರಿಕೆಗಳು ಎಲ್ಲರಿಗೂ ಒಂದೇ ದಿನ ಕೊಡುತ್ತೇವೆ.

ಒಬ್ಬೊಬ್ಬರೇ ಓಡಾಡಬೇಡಿ, ಎಲ್ಲಿಗೆ ಹೋಗುತ್ತೀರಿ ಅಂತ ಒಬ್ಬರಿಗೆ ಹೇಳಿ ಹೋಗಿ. ವಾರಕ್ಕೆ ಒಂದು ದಿನ ಪತ್ರಿಕೆ ಓದಬೇಡಿ. ಭಾನುವಾರ ನಾನು ಓದುವುದಿಲ್ಲ, ಗಿಡಗಳಿಗೆ ಮಣ್ಣು ಹಾಕುತ್ತೇನೆ. ಇಲ್ಲದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ.

ಕೊನೆಯ ಕಾಲಂ "ಈಗಿನ ಸ್ಥಿತಿ". ಇದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಹೊಸ ಘಟನೆ ಬರೆಯುವ ಉತ್ಸಾಹ ಹಳೆಯದರ ಹಿಂದೆ ಹೋಗಲು ಇರುವುದಿಲ್ಲ. ತಿಂಗಳ ಕೊನೆಯ ಶನಿವಾರ ನಾವು ಹೊಸದನ್ನು ಬರೆಯುವುದೇ ಇಲ್ಲ. ಹಳೆಯ ಪುಟ ತಿರುವಿ, ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಪ್ರಕರಣದ ಸಂಖ್ಯೆ ಹಾಕಿ, ಮುಂದಿನ ತಾರೀಕು ನೋಡಿ ಪೆನ್ಸಿಲ್‌ನಲ್ಲಿ ಬರೆಯುತ್ತೇವೆ. ನೀಲಿ ಅಂಗಿಯ ಹುಡುಗ ನಾಲ್ಕನೇ ದಿನ ದೂರು ಕೊಟ್ಟ. ನಮ್ಮ ವಕೀಲೆ ಜೊತೆಗೆ ಹೋಗಿದ್ದರು. ಬೈಕಿನಿಂದ ಬಿದ್ದೆ ಅಂತ ಯಾಕೆ ಹೇಳಿದೆ ಅನ್ನುವುದನ್ನೂ ಹೇಳಿಕೆಯಲ್ಲೇ ಬರೆಸಿದರು. ಎಫ್‌ಐಆರ್ ಆಯಿತು, ದೋಷಾರೋಪ ಪಟ್ಟಿ ಆಯಿತು, ಒಂಬತ್ತು ಸಲ ಮುಂದಕ್ಕೆ ಹೋಯಿತು. ಅವನ ಸಾಲಿನಲ್ಲಿ ಪೆನ್ಸಿಲ್‌ನ ಹತ್ತನೇ ತಾರೀಕು ಮುಂದಿನ ಗುರುವಾರದ್ದು. ಅವತ್ತು ಅವನ ಸಾಕ್ಷಿ. ಬೆಳಿಗ್ಗೆ ಹತ್ತಕ್ಕೆ ನಾನೂ ನರ್ಸೂ ಕೋರ್ಟಿನ ಗೇಟಿನ ಹತ್ತಿರ ಇರುತ್ತೇವೆ ಅಂತ ಅವನ ತಾಯಿಗೆ ಹೇಳಿದ್ದೇನೆ.